ಸ್ತನದ ಆಪರೇಷನ್ ಆಗಿ ಎರಡೇ ದಿನಕ್ಕೆ ಡಿಸ್ಚಾರ್ಜ್: ವಿಮೆಯವರು ಒಪ್ಪುವ ಹಾಗೆ ಕೇಳುವುದು ಹೇಗೆ?

ಪ್ರಶ್ನೆ: ನಾವು ಕುಂದಾಪುರ ಕಡೆಯವರು, ಡೊಂಬಿವಲಿಯಲ್ಲಿದ್ದೇವೆ. ನನ್ನ ಅಕ್ಕನಿಗೆ 54 ವರ್ಷ, ಶುಗರ್ ಇದೆ. ಎಡ ಸ್ತನದಲ್ಲಿ ಕ್ಯಾನ್ಸರ್ ಎಂದು ಗೊತ್ತಾಗಿ, ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕೆಂದು ಹೇಳಿದ್ದಾರೆ. ಮುಲುಂಡ್ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್. ಐದು ಲಕ್ಷದ ಫ್ಯಾಮಿಲಿ ಪಾಲಿಸಿ ಇದೆ. ಅಲ್ಲಿಯ ಇನ್ಶೂರೆನ್ಸ್ ಡೆಸ್ಕಿನವರು "ಇದು ಎರಡು ದಿನದ ಪ್ಯಾಕೇಜು, ಮೂರನೇ ದಿನಕ್ಕೆ ಅಪ್ರೂವಲ್ ಬರುವುದಿಲ್ಲ" ಎಂದುಬಿಟ್ಟರು. ಅಕ್ಕನ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಭಾವನದು ಹೋಟೆಲ್ ಕೆಲಸ, ರಾತ್ರಿ ಬರುವಾಗ ಹನ್ನೆರಡು. ಗಾಯದ ನೀರು ಹೊರಗೆ ಬರಲು ಮೈಯಲ್ಲಿ ಡ್ರೇನ್ ಎಂಬ ಪೈಪು ಇಟ್ಟುಕೊಂಡೇ ಮನೆಗೆ ಹೋಗಬೇಕಂತೆ. ಅಮೆರಿಕದಲ್ಲಿ ಇಂಥವರಿಗೆ 48 ಗಂಟೆ ಕೊಡಲೇಬೇಕೆಂಬ ಕಾನೂನು ಇದೆಯಂತಲ್ಲ, ನಮ್ಮಲ್ಲಿ ಇಲ್ಲವೇ? ಪಾಲಿಸಿಯ ರಿನ್ಯೂವಲ್ ಕೂಡ ಮುಂದಿನ ತಿಂಗಳೇ ಇದೆ.

ಉತ್ತರ: ಮೊದಲು ಆ ಡೆಸ್ಕಿನವರ ಮಾತನ್ನೇ ತೆಗೆದುಕೊಳ್ಳೋಣ. "ಎರಡು ದಿನದ ಪ್ಯಾಕೇಜು" ಎಂಬುದು ನಿಮ್ಮ ಪಾಲಿಸಿಯ ಮಾತಲ್ಲ, ಆಸ್ಪತ್ರೆಗೂ ವಿಮೆ ಕಂಪನಿಗೂ ನಡುವಿನ ದರದ ಒಪ್ಪಂದದ ಮಾತು. ಮುಂಬೈ, ಪುಣೆಯ ಬಹಳಷ್ಟು ಆಸ್ಪತ್ರೆಗಳು ಹೀಗೆ ಒಂದೊಂದು ಆಪರೇಷನ್ನಿಗೂ ಒಟ್ಟು ದರ ಮಾಡಿಕೊಂಡಿರುತ್ತವೆ. ಸರ್ಜನ್ ಫೀಸು, ಥಿಯೇಟರು, ಔಷಧಿ, ಇಂತಿಷ್ಟು ದಿನದ ಕೋಣೆ ಎಲ್ಲ ಅದರಲ್ಲೇ. ರೋಗಿ ಒಂದು ದಿನ ಹೆಚ್ಚು ಉಳಿದರೆ ಆಸ್ಪತ್ರೆಗೆ ಲಾಭ ಕಡಿಮೆ. ಬೇಗ ಹೋದರೆ ಹಾಸಿಗೆ ಖಾಲಿ. ನಾನು ಸರ್ಜನ್ ಆಗಿ ವಾರ್ಡಿನಲ್ಲೂ, ಆಮೇಲೆ ಕೆಲವು ವರ್ಷ ಟಿಪಿಎ, ಅಂದರೆ ವಿಮೆ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆಯ ಕಚೇರಿಯಲ್ಲಿ ಕ್ಲೇಮ್ ಕಾಗದ ಓದುವ ಡಾಕ್ಟರ್ ಆಗಿಯೂ ಕೆಲಸ ಮಾಡಿದವಳು. "ಇನ್ಶೂರೆನ್ಸ್‌ನವರು ಬಿಡುವುದಿಲ್ಲ" ಎಂದು ರೋಗಿಯ ಮನೆಯವರಿಗೆ ಹೇಳಿದ ಎಷ್ಟೋ ಪ್ರಕರಣಗಳಲ್ಲಿ ನಮ್ಮ ಕಡೆಗೆ ಒಂದು ಕೋರಿಕೆಯೂ ಬಂದಿರುತ್ತಿರಲಿಲ್ಲ. ಕೇಳದೇ ಇದ್ದದ್ದನ್ನು ಯಾರೂ ನಿರಾಕರಿಸುವುದು ಸಾಧ್ಯವಿಲ್ಲ. ಆದ್ದರಿಂದ ಆ ಡೆಸ್ಕಿನಲ್ಲಿ ನಗುನಗುತ್ತಲೇ, "ಇದು ಪಾಲಿಸಿಯ ಯಾವ ಷರತ್ತಿನಲ್ಲಿದೆ, ತೋರಿಸಿ" ಎಂದು ಕೇಳಿ. ತೋರಿಸಲು ಏನೂ ಸಿಗಲಿಕ್ಕಿಲ್ಲ.

ಅಮೆರಿಕದ ವಿಷಯ ನೀವು ಕೇಳಿದ್ದು ಅರ್ಧ ನಿಜ. ಅಲ್ಲಿ ಬೆಳಿಗ್ಗೆ ಸ್ತನ ತೆಗೆದು ಸಂಜೆಗೆ ಮನೆಗೆ ಕಳಿಸುವ ಪದ್ಧತಿಯ ವಿರುದ್ಧ ದೊಡ್ಡ ಕೂಗು ಎದ್ದು, ಕನಿಷ್ಠ 48 ಗಂಟೆಯ ವಾಸಕ್ಕೆ ವಿಮೆ ಕೊಡಲೇಬೇಕೆಂಬ ಮಸೂದೆಯನ್ನು ರೋಸಾ ಡಿಲಾರೊ ಎಂಬ ಸಂಸದೆ 1997ರಲ್ಲಿ ತಂದರು. ಅದಕ್ಕೆ ಒಂದು ವರ್ಷ ಮೊದಲು, 1996ರಲ್ಲಿ, ಹೆರಿಗೆಯಾದವರಿಗೆ 48 ಗಂಟೆ, ಸಿಸೇರಿಯನ್ ಆದರೆ 96 ಗಂಟೆ ಎಂಬ ಕಾನೂನು ಬಂದಿತ್ತು. ಅದೇ ದಾರಿಯಲ್ಲಿ ಇದೂ ಆಗುತ್ತದೆ ಎಂದುಕೊಂಡಿದ್ದರು. ಆಗಲಿಲ್ಲ. ಮಸೂದೆ ಮತ್ತೆ ಮತ್ತೆ ಮಂಡನೆಯಾದರೂ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಾಗಲಿಲ್ಲ. ಕೆಲವು ರಾಜ್ಯಗಳು ಮಾತ್ರ ತಮ್ಮದೇ ಕಾನೂನು ಮಾಡಿಕೊಂಡವು. 1998ರಲ್ಲಿ ಪಾಸಾದದ್ದು ಸ್ತನವನ್ನು ಮತ್ತೆ ಕಟ್ಟುವ ಶಸ್ತ್ರಚಿಕಿತ್ಸೆಗೆ ವಿಮೆ ಕೊಡಬೇಕೆಂಬ ಬೇರೆಯೇ ಕಾನೂನು.

ನಮ್ಮಲ್ಲಿ ಇಷ್ಟು ಗಂಟೆ ಎಂದು ಹೇಳುವ ಕಾನೂನಿಲ್ಲ. ಇಲ್ಲದೇ ಇರುವುದು ನಷ್ಟವೇ ಎಂದರೆ, ನನಗೆ ಪೂರ್ತಿ ಹಾಗೆ ಅನಿಸುವುದಿಲ್ಲ. 48 ಗಂಟೆ ಎಂದು ಬರೆದುಬಿಟ್ಟರೆ 49ನೇ ಗಂಟೆಗೆ ಎಬ್ಬಿಸುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಎಲ್ಲ ಆರೋಗ್ಯ ಪಾಲಿಸಿಗಳಿಗೂ ಒಂದೇ ರೀತಿಯ ವ್ಯಾಖ್ಯೆಗಳನ್ನು ಕೊಟ್ಟಿದೆ. ನಿಮ್ಮ ಪಾಲಿಸಿ ಪುಸ್ತಕದ ಮೊದಲ ಕೆಲವು ಪುಟಗಳಲ್ಲಿ "ಮೆಡಿಕಲಿ ನೆಸೆಸರಿ ಟ್ರೀಟ್‌ಮೆಂಟ್" ಎಂಬುದನ್ನು ಹುಡುಕಿ. ಚಿಕಿತ್ಸೆ, ಪರೀಕ್ಷೆ, ಔಷಧಿಯ ಜೊತೆಗೆ ಆಸ್ಪತ್ರೆಯ ವಾಸ, ವಾಸದ ಒಂದು ಭಾಗ ಕೂಡ ಅದರೊಳಗೆ ಬರುತ್ತದೆ. ಅದು ಕಾಯಿಲೆಯ ಚಿಕಿತ್ಸೆಗೆ ಬೇಕಾದದ್ದಾಗಿರಬೇಕು, ಸುರಕ್ಷಿತವಾದ ಆರೈಕೆಗೆ ಬೇಕಾದ ಅವಧಿಯನ್ನು ಮೀರಿರಬಾರದು, ಡಾಕ್ಟರ್ ಬರೆದುಕೊಟ್ಟಿರಬೇಕು, ವೈದ್ಯರು ಸಾಮಾನ್ಯವಾಗಿ ಒಪ್ಪುವ ಪದ್ಧತಿಗೆ ಹೊಂದಿರಬೇಕು ಎಂದಿದೆ. ದಿನದ ಲೆಕ್ಕ ಎಲ್ಲೂ ಇಲ್ಲ. ತೀರ್ಮಾನ ನಿಂತಿರುವುದು ನಿಮ್ಮ ಸರ್ಜನ್ ಬರೆಯುವ ನಾಲ್ಕು ಸಾಲಿನ ಮೇಲೆ.

ಇದಕ್ಕೆ ಎದುರಾಗಿ ಕಂಪನಿಯವರ ಕೈಯಲ್ಲಿರುವ ಅಸ್ತ್ರದ ಹೆಸರು ಎಕ್ಸ್‌ಕ್ಲೂಷನ್ ಕೋಡ್ 05. ಚಿಕಿತ್ಸೆಗಲ್ಲದೆ ಬರೀ ವಿಶ್ರಾಂತಿಗಾಗಿ ಹಾಸಿಗೆ ಹಿಡಿದಿದ್ದರೆ ಹಣ ಕೊಡುವುದಿಲ್ಲ ಎಂಬ ಷರತ್ತು ಅದು. ಈಗ ಸಾಮಾನ್ಯವಾಗಿ ವಾರ್ಡಿನಲ್ಲಿ ಏನು ಬರೆಯುತ್ತಾರೆ ನೋಡಿ. ಆಪರೇಷನ್ನಿನ ಎರಡನೇ ಬೆಳಿಗ್ಗೆ ರೆಸಿಡೆಂಟ್ ಡಾಕ್ಟರ್ ಬಂದು, ಹಿಂದಿನ ರಾತ್ರಿ ನಿದ್ದೆಯಿಲ್ಲದೆ, ಕೇಸ್ ಪೇಪರಿನಲ್ಲಿ ಗೀಚುವುದು ಇಷ್ಟು: "ರೋಗಿ ಆರಾಮ. ಡ್ರೇನ್ ಇದೆ. ವಿಶ್ರಾಂತಿ, ಇದೇ ಮುಂದುವರಿಸಿ." ಟಿಪಿಎಯಲ್ಲಿ ಕೂತವರಿಗೆ ಇದರಲ್ಲಿ ಕಾಣುವುದು ಆರಾಮವಾಗಿರುವ ಒಬ್ಬ ರೋಗಿ ಮತ್ತು "ವಿಶ್ರಾಂತಿ" ಎಂಬ ಪದ. ಕೋಡ್ 05 ಹಾಕಿ ಮುಗಿಸುತ್ತಾರೆ. ಅದೇ ಹೆಂಗಸು, ಅದೇ ಬೆಳಿಗ್ಗೆ, ಆದರೆ ಹೀಗೆ ಬರೆದಿದ್ದರೆ: "24 ಗಂಟೆಯಲ್ಲಿ ಡ್ರೇನ್ 210 ಮಿ.ಲೀ., ಇನ್ನೂ ಕೆಂಪು. ನೋವು ಹತ್ತರಲ್ಲಿ ಏಳು, ನರದ ಮೂಲಕ ಔಷಧಿ ಬೇಕಾಗುತ್ತಿದೆ. ಎರಡು ಬಾರಿ ವಾಂತಿ, ಮಾತ್ರೆ ನಿಲ್ಲುತ್ತಿಲ್ಲ. ಶುಗರ್ 286, ಇನ್ಸುಲಿನ್ ಪ್ರಮಾಣ ಬದಲಿಸಿದೆ. ಇಂದು ಬಿಡುಗಡೆ ಸುರಕ್ಷಿತವಲ್ಲ. ನಾಳೆ ಬೆಳಿಗ್ಗೆ ಮತ್ತೆ ನೋಡುವುದು." ಇದನ್ನು ಓದಿದ ಯಾವ ಡಾಕ್ಟರೂ ಇಲ್ಲ ಎನ್ನುವುದು ಕಷ್ಟ, ನಾನಂತೂ ಎನ್ನುತ್ತಿರಲಿಲ್ಲ.

ಸುಳ್ಳು ಬರೆಸಿ ಎಂದು ನಾನು ಹೇಳುತ್ತಿಲ್ಲ, ಅದನ್ನು ದಯವಿಟ್ಟು ಗಮನದಲ್ಲಿಡಿ. ನರ್ಸ್ ಚಾರ್ಟಿನಲ್ಲಿ ಜ್ವರ ಇಲ್ಲ, ಡಾಕ್ಟರ್ ನೋಟಿನಲ್ಲಿ ಜ್ವರ ಇದೆ ಎಂದಾದರೆ ಆ ಒಂದು ದಿನ ಹೋಗಲಿ, ಇಡೀ ಕ್ಲೇಮ್ ಅನುಮಾನಕ್ಕೆ ಬೀಳುತ್ತದೆ. ಇದ್ದದ್ದನ್ನು ಇದ್ದ ಹಾಗೆ, ಅಂಕಿಯ ಸಮೇತ ಬರೆಯಬೇಕು, ಅಷ್ಟೇ. ಅದಕ್ಕೆ ನಿಮ್ಮ ಸಹಾಯವೂ ಬೇಕು. ನಮ್ಮ ಹೆಂಗಸರ ಒಂದು ಅಭ್ಯಾಸ ಗೊತ್ತಲ್ಲ: ರೌಂಡ್ಸಿಗೆ ದೊಡ್ಡ ಡಾಕ್ಟರ್ ಬಂದು "ಹೇಗಿದ್ದೀರಿ" ಎಂದರೆ "ಅಡ್ಡಿಲ್ಲ ಡಾಕ್ಟ್ರೇ" ಎನ್ನುವುದು, ಅವರು ಹೋದ ಮೇಲೆ ಮಗ್ಗುಲು ತಿರುಗಿ ನರಳುವುದು. ಆ "ಅಡ್ಡಿಲ್ಲ" ಹಾಗೇ ಕಾಗದಕ್ಕೆ ಇಳಿಯುತ್ತದೆ. ಅಕ್ಕನಿಗೆ ಮೊದಲೇ ಹೇಳಿಡಿ, ನೋವು ಎಷ್ಟು, ವಾಂತಿ ಎಷ್ಟು ಸಲ, ರಾತ್ರಿ ಏನಾಯಿತು ಎಂದು ಬಾಯಿಬಿಟ್ಟು ಹೇಳಬೇಕು ಎಂದು.

ಈಗ, ನಿಜವಾಗಿ ಎಷ್ಟು ದಿನ ಬೇಕು? ಗಡ್ಡೆ ಮಾತ್ರ ತೆಗೆದವರು ಅದೇ ದಿನ ಅಥವಾ ಮರುದಿನ ಹೋಗುತ್ತಾರೆ. ಸ್ತನ ಪೂರ್ತಿ ತೆಗೆದು ಕಂಕುಳನ್ನೂ ಶುಚಿ ಮಾಡಿದವರಿಗೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಹೊಟ್ಟೆಯ ಅಥವಾ ಬೆನ್ನಿನ ಮಾಂಸ ತಂದು ಸ್ತನ ಕಟ್ಟಿದರೆ ಮೂರರಿಂದ ಏಳು ದಿನ; ಅದರಲ್ಲೂ ರಕ್ತನಾಳ ಜೋಡಿಸುವ ಪದ್ಧತಿಯಲ್ಲಿ ಮೊದಲ ಒಂದೆರಡು ದಿನ ಆ ಭಾಗದ ಬಣ್ಣ, ಬಿಸಿಯನ್ನು ಗಂಟೆಗಂಟೆಗೆ ನೋಡಬೇಕಾಗುತ್ತದೆ. (ಅಂದಹಾಗೆ, "ಪ್ಲಾಸ್ಟಿಕ್ ಸರ್ಜರಿ ವಿಮೆಯಲ್ಲಿ ಬರುವುದಿಲ್ಲ" ಎಂದು ಯಾರಾದರೂ ಹೆದರಿಸಿದರೆ ಕೋಡ್ 08 ಓದಿಸಿ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲಿನ ಪುನರ್‌ರಚನೆಗೆ ಅಲ್ಲಿಯೇ ವಿನಾಯಿತಿ ಇದೆ.) ಒಳಗೆ ರಕ್ತ ಹೆಪ್ಪುಗಟ್ಟಿ ಎದೆ ಬಿಗಿದುಕೊಳ್ಳುವುದು ಬಹುತೇಕ ಮೊದಲ 24 ಗಂಟೆಯಲ್ಲೇ ಆಗುತ್ತದೆ. ಅದು ದಾಟಿ, ನೋವು ಬರೀ ಮಾತ್ರೆಗೆ ನಿಂತು, ಊಟ ಸೇರಿ, ಎದ್ದು ಬಚ್ಚಲಿಗೆ ಹೋಗಿ ಬರುವಂತಾಗಿ, ಜ್ವರವಿಲ್ಲದೆ, ಶುಗರ್ ಹತೋಟಿಗೆ ಬಂದು, ಡ್ರೇನಿನ ಬಣ್ಣ ತಿಳಿಯಾಗುತ್ತಿದ್ದರೆ ಮನೆಗೆ ಹೋಗುವುದರಲ್ಲಿ ತಪ್ಪಿಲ್ಲ. ಆಸ್ಪತ್ರೆಯಲ್ಲಿ ಸುಮ್ಮನೆ ಮಲಗಿದಷ್ಟೂ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. ಹಾಗಾಗಿ ಸರ್ಜನ್ ಹತ್ತಿರ "ಐದು ದಿನ ಇಟ್ಟುಕೊಳ್ಳಿ" ಎಂದು ಕೇಳಬೇಡಿ. "ಏನೇನು ಸರಿಹೋದರೆ ಕಳಿಸುತ್ತೀರಿ, ಅದನ್ನು ಅಡ್ಮಿಷನ್ ಪೇಪರಿನಲ್ಲೇ ಬರೆಯಿರಿ" ಎಂದು ಕೇಳಿ. ದಿನ ಕೇಳುವವರ ಜೊತೆ ಚೌಕಾಶಿ ಮಾಡಬಹುದು, ಇಂಥ ಮಾತಿಗೆ ಚೌಕಾಶಿ ನಡೆಯುವುದಿಲ್ಲ.

ಪೈಪಿನ ಭಯ ನನಗೆ ಅರ್ಥವಾಗುತ್ತದೆ, ಆದರೆ ಪೈಪು ಇದೆ ಎನ್ನುವುದೊಂದೇ ಆಸ್ಪತ್ರೆಯಲ್ಲಿರಲು ಕಾರಣವಾಗುವುದಿಲ್ಲ. ಅದು ಸಾಮಾನ್ಯವಾಗಿ ಒಂದೆರಡು ವಾರ ಇರುತ್ತದೆ. 24 ಗಂಟೆಯಲ್ಲಿ ಬರುವ ನೀರು ಸುಮಾರು 30 ಮಿ.ಲೀ.ಗಿಂತ ಕೆಳಗಿಳಿದ ಮೇಲೆ ತೆಗೆಯುತ್ತಾರೆ. ಇಲ್ಲಿಯ ವಾರ್ಡುಗಳಲ್ಲಿ ರೊಮೊವ್ಯಾಕ್ ಎನ್ನುತ್ತಾರಲ್ಲ, ಒತ್ತಿದರೆ ಹಾರ್ಮೋನಿಯಂ ತಿದಿಯ ಹಾಗೆ ಮಡಚಿಕೊಳ್ಳುವ ಪ್ಲಾಸ್ಟಿಕ್ ಡಬ್ಬಿ, ಅದು ಮಡಚಿಕೊಂಡೇ ಇದ್ದರೆ ಮಾತ್ರ ಒಳಗಿನ ನೀರನ್ನು ಎಳೆಯುತ್ತದೆ. ಪೂರ್ತಿ ಉಬ್ಬಿ ನಿಂತಿದ್ದರೆ ಎಳೆತ ನಿಂತಿದೆ ಎಂದು ಅರ್ಥ. ಖಾಲಿ ಮಾಡುವ ಮೊದಲು ಪೈಪಿನ ಕ್ಲಿಪ್ ಹಾಕಬೇಕು, ಅಳತೆ ಬರೆಯಬೇಕು, ಡಬ್ಬಿಯನ್ನು ಒತ್ತಿ ಹಿಡಿದು ಮುಚ್ಚಳ ಹಾಕಬೇಕು, ಕೊನೆಗೆ ಕ್ಲಿಪ್ ತೆಗೆಯುವುದನ್ನು ಮರೆಯಬಾರದು. ಮರೆತರೆ ನೀರು ಒಳಗೇ ನಿಂತು ಊದಿಕೊಳ್ಳುತ್ತದೆ. ಇದನ್ನು ನರ್ಸ್ ತೋರಿಸಿದರೆ ಸಾಲದು. ಆಸ್ಪತ್ರೆಯಲ್ಲಿರುವಾಗಲೇ ನೀವು ಅಥವಾ ಭಾವ ನಿಮ್ಮ ಕೈಯಾರೆ ಮಾಡಿ, ಆಕೆ ನೋಡಿ ಸರಿ ಎನ್ನಬೇಕು. ಕಲಿಸದೆ ಡಿಸ್ಚಾರ್ಜ್ ಕಾರ್ಡ್ ಕೈಗೆ ಕೊಟ್ಟರೆ "ಇನ್ನೂ ಕಲಿತಿಲ್ಲ, ಕಲಿಸಿಕೊಡಿ" ಎಂದು ಅಲ್ಲೇ ಕೂತುಬಿಡಿ. ಹಾಗೆ ಕೂತವರನ್ನು ಯಾವ ಸಿಸ್ಟರೂ ಬೈದದ್ದು ನಾನು ನೋಡಿಲ್ಲ. ತೋಳಿನ ವ್ಯಾಯಾಮ ಹೇಳಿಕೊಡಲು ಫಿಸಿಯೋ ಒಮ್ಮೆ ಬಂದು ಹೋಗಿರಬೇಕು. ಇಲ್ಲದಿದ್ದರೆ ಭುಜ ಹಿಡಿದುಕೊಳ್ಳುತ್ತದೆ.

ಮೂರನೇ ಮಹಡಿ, ಲಿಫ್ಟ್ ಇಲ್ಲ, ಮನೆಯಲ್ಲಿ ಜನ ಇಲ್ಲ. ಇವು ನಿಜವಾದ ಕಷ್ಟಗಳೇ. ಆದರೆ ಇವುಗಳಿಗಾಗಿ ವಿಮೆ ದುಡ್ಡು ಕೊಡುವುದಿಲ್ಲ, ಇದನ್ನೇ ಕಾರಣವೆಂದು ಬರೆಸಿದರೆ ಕೋಡ್ 05ಕ್ಕೆ ನೀವೇ ಬಾಗಿಲು ತೆರೆದ ಹಾಗೆ. ಅದಕ್ಕೆ ಬೇರೆ ದಾರಿ ನೋಡಿ. ಮೊದಲ ವಾರ ನೆಲಮಹಡಿಯಲ್ಲಿರುವ, ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಯಲ್ಲಿ ಇರಲಿ. ಮುಂಬೈಯ ನಮ್ಮವರಲ್ಲಿ ಅಂಥ ಒಂದು ಮನೆ ಸಿಗದೆ ಹೋಗುವುದಿಲ್ಲ, ಕೇಳಲು ಸಂಕೋಚಪಡುತ್ತೇವೆ ಅಷ್ಟೇ. ನರ್ಸಿಂಗ್ ಬ್ಯೂರೋದಿಂದ ಆಯಾ ಕರೆಸಿದರೆ ಆ ಸಂಬಳ ಸಾಮಾನ್ಯ ಪಾಲಿಸಿಗಳಲ್ಲಿ ಸಿಗುವುದಿಲ್ಲ. ಡಿಸ್ಚಾರ್ಜ್ ಆದ ಮೇಲಿನ ಔಷಧಿ, ಡ್ರೆಸ್ಸಿಂಗ್, ಪರೀಕ್ಷೆ, ಡಾಕ್ಟರ್ ಫೀಸು ಮಾತ್ರ ಹೆಚ್ಚಿನ ಪಾಲಿಸಿಗಳಲ್ಲಿ 60 ದಿನದವರೆಗೆ ಸಿಗುತ್ತದೆ, ಡಾಕ್ಟರ್ ಚೀಟಿ ಮತ್ತು ಬಿಲ್ ಇದ್ದರೆ. ವಿಜಯಪುರ, ಕಲಬುರಗಿ ಕಡೆಯಿಂದ ಪರೇಲಿನ ಟಾಟಾ ಆಸ್ಪತ್ರೆಗೆ ಬರುವವರ ಕಷ್ಟ ಇದಕ್ಕಿಂತ ದೊಡ್ಡದು, ಅವರಿಗೆ ಡಿಸ್ಚಾರ್ಜ್ ಎಂದರೆ ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆಯಂಥ ಕಡೆ ಜಾಗ ಸಿಕ್ಕಿದರೆ ಪುಣ್ಯ. ಅವರು ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಮಾತಾಡಿಕೊಳ್ಳಬೇಕು.

ಇನ್ನು ಹಣದ ಲೆಕ್ಕ. ಹೆಚ್ಚು ದಿನಕ್ಕಿಂತ ತಪ್ಪು ಕೋಣೆ ಜಾಸ್ತಿ ನಷ್ಟ ಮಾಡುತ್ತದೆ. ಹಳೆಯ ಪಾಲಿಸಿಗಳಲ್ಲಿ ಕೋಣೆ ಬಾಡಿಗೆ ವಿಮಾ ಮೊತ್ತದ ಶೇ. 1ರಷ್ಟು ಮಾತ್ರ ಎಂಬ ಮಿತಿ ಇರುತ್ತದೆ. ನಿಮಗೆ ಅದು ದಿನಕ್ಕೆ 5,000 ರೂ. ಆಗುತ್ತದೆ. "ಅಕ್ಕನಿಗೆ ಸ್ವಲ್ಪ ಆರಾಮಾಗಲಿ" ಎಂದು 8,000 ರೂಪಾಯಿಯ ಕೋಣೆ ತೆಗೆದುಕೊಂಡರೆ ಕಡಿತ ಆ ಮೂರು ಸಾವಿರಕ್ಕೆ ನಿಲ್ಲುವುದಿಲ್ಲ. ಸರ್ಜನ್, ಅರಿವಳಿಕೆ, ಥಿಯೇಟರ್ ಬಿಲ್ಲುಗಳನ್ನೂ ಅದೇ ಅನುಪಾತದಲ್ಲಿ ಕತ್ತರಿಸುತ್ತಾರೆ. ಆ ಬಾಬ್ತು 1,60,000 ಆಗಿದ್ದರೆ ಕಂಪನಿ ಕೊಡುವುದು ಒಂದು ಲಕ್ಷ, ಅರವತ್ತು ಸಾವಿರ ನಿಮ್ಮ ಕಿಸೆಯಿಂದ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಅನುಪಾತ ಹಾಕುವಂತಿಲ್ಲ. ಹಾಕಿದ್ದರೆ ಜಗಳ ಮಾಡಿ. ಇನ್ನೊಂದು ಮಾತನ್ನೂ ಯೋಚಿಸಿ. ಮುಂದೆ ಕೀಮೋ, ರೇಡಿಯೇಷನ್ ಬರಬಹುದು, ಅದೂ ಇದೇ ಐದು ಲಕ್ಷದಲ್ಲೇ. ಬೇಕಾದ ದಿನವನ್ನು ಬಿಡಬೇಡಿ, ಬೇಡದ ದಿನಕ್ಕೆ ಹಣ ಕರಗಿಸಬೇಡಿ.

ಕೆಲಸದ ಕ್ರಮ ಹೀಗಿರಲಿ. ಅಡ್ಮಿಟ್ ಆಗುವ ಮೊದಲು ಪ್ರೀ-ಆಥ್ ಫಾರಂ, ಅಂದರೆ ವಿಮೆಯವರ ಮುಂಗಡ ಅನುಮತಿ ಕೇಳುವ ಅರ್ಜಿ, ಕಳಿಸುವಾಗಲೇ ಅದರಲ್ಲಿ "ನಿರೀಕ್ಷಿತ ವಾಸ" ಎಂಬ ಜಾಗದಲ್ಲಿ ಎಷ್ಟು ಬರೆದಿದ್ದಾರೆ ನೋಡಿ, ಶುಗರ್ ಇರುವುದನ್ನು ಬರೆದಿದ್ದಾರೋ ನೋಡಿ. ಡೆಸ್ಕಿನವರು ಪ್ಯಾಕೇಜಿನ ಅಂಕಿಯನ್ನೇ ಅಭ್ಯಾಸಬಲದಿಂದ ತುಂಬಿರುತ್ತಾರೆ; ಸರ್ಜನ್ ಮೂರರಿಂದ ನಾಲ್ಕು ಎಂದು ಹೇಳಿದ್ದರೆ ಅದೇ ಇರಬೇಕು. 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಎರಡನೇ ದಿನ ಅಕ್ಕ ಹೋಗುವ ಸ್ಥಿತಿಯಲ್ಲಿಲ್ಲ ಎಂದಾದರೆ ಸರ್ಜನ್ನರ ನೋಟ್ ಜೊತೆಗೆ "ಎನ್‌ಹ್ಯಾನ್ಸ್‌ಮೆಂಟ್" (ಹೆಚ್ಚಿನ ದಿನಕ್ಕೆ ಅನುಮತಿ ಕೇಳುವ ಕೋರಿಕೆ) ಕಳಿಸಿ ಎಂದು ಡೆಸ್ಕಿಗೆ ಹೇಳಿ, ಕಳಿಸಿದ್ದಕ್ಕೆ ಪ್ರತಿ ಕೇಳಿ. ಬೆಳಿಗ್ಗೆಯೇ ಕಳಿಸಬೇಕು, ಸಂಜೆ ಡಿಸ್ಚಾರ್ಜ್ ಬಿಲ್ ತಯಾರಾದ ಮೇಲೆ ಕಳಿಸಿದರೆ ಕಂಪನಿಯಿಂದ ಮರುಪ್ರಶ್ನೆ ಬಂದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹೋಗುವ ದಿನ ಅಂತಿಮ ಅನುಮತಿ ಮೂರು ಗಂಟೆಯೊಳಗೆ ಬರಬೇಕು, ತಡವಾಗಿ ಆಸ್ಪತ್ರೆ ಹೆಚ್ಚು ಬಾಡಿಗೆ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು.

ಎನ್‌ಹ್ಯಾನ್ಸ್‌ಮೆಂಟ್ ನಿರಾಕರಿಸಿದರೆ? ಕ್ಯಾಶ್‌ಲೆಸ್ ಇಲ್ಲ ಎಂದ ಮಾತ್ರಕ್ಕೆ ಕ್ಲೇಮ್ ಇಲ್ಲ ಎಂದಲ್ಲ. ಆ ದಿನದ ಹಣ ಕಟ್ಟಿ, ಆಮೇಲೆ ರೀಇಂಬರ್ಸ್‌ಮೆಂಟಿಗೆ ಹಾಕಬಹುದು. ಡಾಕ್ಟರ್ ಬೇಡ ಎನ್ನುತ್ತಿರುವಾಗ ದುಡ್ಡಿನ ಹೆದರಿಕೆಗೆ "ಸ್ವಂತ ಇಚ್ಛೆಯಿಂದ ಹೋಗುತ್ತಿದ್ದೇವೆ" ಎಂಬ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ. ಕೇಸ್ ಪೇಪರಿನ ಪೂರ್ತಿ ಪ್ರತಿ ಲಿಖಿತವಾಗಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವಿದೆ. ತಿರಸ್ಕರಿಸುವ ಪತ್ರದಲ್ಲಿ ಪಾಲಿಸಿಯ ಯಾವ ಷರತ್ತು ಎಂದು ಹೆಸರಿಸಿರಬೇಕು. ಹೆಸರಿಸಿದ್ದರೂ ಒಪ್ಪಿಗೆಯಿಲ್ಲದಿದ್ದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ವಿಮಾ ದೂರುಗಳಿಗೆಂದೇ ಇರುವ ಬಿಮಾ ಭರೋಸಾ ಪೋರ್ಟಲಿನಲ್ಲೂ ಹಾಕಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸರಿಯೆನಿಸದಿದ್ದರೆ, ವರ್ಷದೊಳಗೆ ವಿಮಾ ತಕರಾರು ತೀರ್ಮಾನಿಸುವ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಫೀಸಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ, ಅವರ ಆದೇಶ ಕಂಪನಿಗೆ ಕಡ್ಡಾಯ. ಮಹಾರಾಷ್ಟ್ರದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಅವರ ಕಚೇರಿ ಇದೆ. ಡೊಂಬಿವಲಿಯ ವಿಳಾಸಕ್ಕೆ ಯಾವುದು ಎಂದು ಪಾಲಿಸಿಯ ಹಿಂಭಾಗದ ಪಟ್ಟಿಯಲ್ಲಿ ನೋಡಿಕೊಳ್ಳಿ.

ಖಾಸಗಿ ಪಾಲಿಸಿ ಇಲ್ಲದವರಿಗೆ ಒಂದು ಮಾತು. ಮಹಾರಾಷ್ಟ್ರದ ಮಹಾತ್ಮ ಫುಲೆ ಯೋಜನೆ, ಆಯುಷ್ಮಾನ್ ಭಾರತ್, ಗೋವಾದ ದೀನದಯಾಳ್ ಸ್ವಾಸ್ಥ್ಯ ಸೇವಾ, ಇವೆಲ್ಲ ಪ್ಯಾಕೇಜಿನ ಮೇಲೆ ನಡೆಯುವಂಥವು. ಅಲ್ಲಿ ದಿನ ಹೆಚ್ಚಾದರೂ ರೋಗಿಯಿಂದ ಹಣ ಕೇಳುವಂತಿಲ್ಲ, ಕೇಳಿದರೆ ಆಸ್ಪತ್ರೆಯೊಳಗೇ ಕೂತಿರುವ ಆರೋಗ್ಯಮಿತ್ರರಿಗೆ ಹೇಳಿ. ಕಂಪನಿಯ ಗ್ರೂಪ್ ಪಾಲಿಸಿಯವರು ಎಚ್‌ಆರ್ ಹಿಡಿದರೆ ಕೆಲಸ ಬೇಗ. ಮೊತ್ತ ಮುಗಿದವರಿಗೆ "ಕಾರ್ಪೊರೇಟ್ ಬಫರ್" ಎಂಬ ಹೆಚ್ಚುವರಿ ನಿಧಿ ಇರಬಹುದು, ತಾವಾಗಿ ಹೇಳುವುದಿಲ್ಲ. ನಮ್ಮ ಸಂಘಗಳಲ್ಲಿ ಸದಸ್ಯರಿಗೆಂದು ಗುಂಪು ವಿಮೆ ಮಾಡಿಸುವವರು ಪ್ರೀಮಿಯಂ ಇಳಿಸುವುದಕ್ಕೆ ಮಾಡುವಷ್ಟೇ ಚರ್ಚೆಯನ್ನು ಕೋಣೆ ಮಿತಿ, ಕ್ಯಾನ್ಸರ್ ಆಪರೇಷನ್ನಿನ ಒಳಮಿತಿ ತೆಗೆಸುವುದಕ್ಕೂ ಮಾಡಬೇಕು. ಒಬ್ಬೊಬ್ಬರೇ ವಾರ್ಡಿನಲ್ಲಿ ಜಗಳವಾಡುವುದಕ್ಕಿಂತ ಅದು ನೂರು ಪಾಲು ಮೇಲು.

ಮನೆಗೆ ಹೋದ ಮೇಲೆ ಎದೆ ಇದ್ದಕ್ಕಿದ್ದಂತೆ ಬಿಗಿದು ಊದಿದರೆ, ಡಬ್ಬಿ ತಾಜಾ ರಕ್ತದಿಂದ ಬೇಗ ತುಂಬಿದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ಮತ್ತೆ ಅಡ್ಮಿಟ್ ಮಾಡಿ. ಆಸ್ಪತ್ರೆಯಲ್ಲಿ ಕೊನೆಯ ಸಲ ತೋರಿಸಿದ 45 ದಿನದೊಳಗೆ ಅದೇ ತೊಂದರೆ ಮರುಕಳಿಸಿದರೆ ಪಾಲಿಸಿ ಅದನ್ನು ಒಂದೇ ಕಾಯಿಲೆ ಎಂದು ಎಣಿಸುತ್ತದೆ, ಹಣ ಸಿಗುತ್ತದೆ.

ಕೊನೆಯದಾಗಿ ರಿನ್ಯೂವಲ್. ಕ್ಲೇಮ್ ಮಾಡಿದ್ದೀರಿ ಎಂಬ ಕಾರಣಕ್ಕೆ ಕಂಪನಿ ನವೀಕರಿಸಲು ನಿರಾಕರಿಸುವಂತಿಲ್ಲ. ವಾರ್ಷಿಕ ಕಂತಿಗೆ 30 ದಿನದ ವಾಯಿದೆ ಇದ್ದರೂ ಅದನ್ನು ನಂಬಿ ಕೂರಬೇಡಿ. ಆಸ್ಪತ್ರೆಯ ಓಡಾಟದಲ್ಲಿ ಮರೆತುಹೋಗುವುದು ಸುಲಭ. ಅಕ್ಕ ಅಡ್ಮಿಟ್ ಆಗುವ ಮೊದಲೇ ಪ್ರೀಮಿಯಂ ಕಟ್ಟಿ ರಸೀದಿಯನ್ನು ಭಾವನ ಮೊಬೈಲಿಗೂ ಕಳಿಸಿಡಿ. ಬೇರೆ ಕಂಪನಿಗೆ ಬದಲಾಯಿಸಿದರೆ ಲಾಭ ಎಂದು ಏಜೆಂಟರು ಹೇಳಿದರೆ ಈ ವರ್ಷ ಕಿವಿಗೆ ಹಾಕಿಕೊಳ್ಳಬೇಡಿ.